ಪದ ಪರಿಚಯ: ಆಡಿಟ್ ಲಾಗ್

ನಮ್ಮ ಅಪ್ಪನಿಗೆ ಪೆನಿಸಿಲಿನ್ ಆಗಿಬರುವುದಿಲ್ಲ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಇದನ್ನು ಹೇಳಿ, ಕಂಪ್ಯೂಟರಿನಲ್ಲಿ ಬರೆಸಿಯೂ ಬಂದಿದ್ದೆವು. ಮುಂದಿನ ಸಲ ಹೋದಾಗ ಆ ಸಾಲೇ ಇರಲಿಲ್ಲ. ಯಾರು ತೆಗೆದರು ಎಂದು ಕೇಳಿದೆ. "ಗೊತ್ತಿಲ್ಲ ಸರ್, ಸಿಸ್ಟಮ್‌ನಲ್ಲಿ ಹಂಗೇ ಐತ್ರಿ" ಅಂದರು.

ಆ "ಯಾರು" ಎನ್ನುವುದಕ್ಕೆ ಉತ್ತರ ಸಿಗಬೇಕಾದ ಜಾಗವೇ ಆಡಿಟ್ ಲಾಗ್. ರೋಗಿಯ ಫೈಲನ್ನು ಯಾರು ತೆರೆದರು, ಯಾವಾಗ ತೆರೆದರು, ಏನು ಬದಲಿಸಿದರು ಎಂದು ಸಾಫ್ಟ್‌ವೇರ್ ತಾನೇ ಬರೆದಿಡುವ ಲೆಕ್ಕ ಇದು. ಸುಮ್ನೆ ತೆರೆದು ನೋಡಿದರೂ ಅದರಲ್ಲಿ ಬರಬೇಕು.

ಮಂಡಿಪೇಟೆಯ ಅಂಗಡಿಗಳಲ್ಲಿ ಕಿರ್ದಿ ಬರೆದವರಿಗೆ ಇದು ಬೇಗ ಹೊಳೆಯುತ್ತದೆ. ಕಿರ್ದಿಯಲ್ಲಿ ತಪ್ಪಾದರೆ ಹಾಳೆ ಹರಿಯುವಂತಿಲ್ಲ. ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಸಹಿ ಹಾಕಬೇಕು. ಹೊಡೆದು ಹಾಕಿದ ಅಂಕಿಯೂ ಓದಲು ಸಿಗಬೇಕು. ಲಾಗ್ ಕೂಡ ಹಾಗೇ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪರಿಷ್ಕರಿಸಿದ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಗಳ ಮಾನದಂಡದಲ್ಲೂ ಆಡಿಟ್ ಲಾಗ್ ಇದೆ.

ಆದರೆ ಲಾಗ್ ಬರೆಯುವುದು ಲಾಗಿನ್ ಆದವರ ಹೆಸರನ್ನು ಮಾತ್ರ. ಮೂರೂ ಪಾಳಿಯವರು ಒಂದೇ ಪಾಸ್‌ವರ್ಡ್ ಬಳಸಿದರೆ ಎಲ್ಲ ಕೆಲಸವೂ ಒಬ್ಬರದೇ ಹೆಸರಿಗೆ ಬೀಳುತ್ತದೆ. ಕೌಂಟರ್ ಮುಂದೆ ಜನ ಜಾಸ್ತಿ, ಕಂಪ್ಯೂಟರ್ ಒಂದೇ. ಪ್ರತಿ ಸಲ ಲಾಗೌಟ್ ಮಾಡಿ ಕೂರಲು ಸಿಬ್ಬಂದಿಗೆ ಪುರುಸೊತ್ತು ಎಲ್ಲಿ? ಅದಕ್ಕೇ ನಾನು ಅವರನ್ನು ದೂರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು, ಅದನ್ನು ಬಳಸುವುದು ಸುಲಭ ಮಾಡಬೇಕಾದದ್ದು ಆಸ್ಪತ್ರೆ. ಇದು ನರ್ಸ್‌ಗಳಿಗೂ ಕಾವಲು, ಅಲ್ವಾ? ಮಾಡದ ತಪ್ಪಿಗೆ ಬೈಸಿಕೊಳ್ಳುವುದು ತಪ್ಪುತ್ತದೆ.

ಆಭಾ ಸಂಖ್ಯೆ, ಅಂದರೆ ಆರೋಗ್ಯ ದಾಖಲೆಗಳನ್ನು ಜೋಡಿಸಲು ಕೇಂದ್ರ ಸರ್ಕಾರ ಕೊಡುವ 14 ಅಂಕಿಯ ಗುರುತಿನ ಸಂಖ್ಯೆ ಇರುವವರು ಒಂದು ವಿಷಯ ಗಮನಿಸಿ. ದಾಖಲೆ ನೋಡಲು ಯಾವ ಆಸ್ಪತ್ರೆಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬುದು ಆಭಾ ಆ್ಯಪ್‌ನಲ್ಲಿ ಕಾಣುತ್ತದೆ, ಬೇಡವೆನಿಸಿದರೆ ಒಪ್ಪಿಗೆ ವಾಪಸ್ ಪಡೆಯಬಹುದು. ಆದರೆ ಆಸ್ಪತ್ರೆಯ ಒಳಗೆ ಯಾರು ಫೈಲ್ ತೆರೆದರು ಎಂಬುದು ಅಲ್ಲಿ ಇರುವುದಿಲ್ಲ. ಅದನ್ನು ಆಸ್ಪತ್ರೆಯವರನ್ನೇ ಕೇಳಬೇಕು. ಬರಹದಲ್ಲಿ ಕೇಳಿ.

ನಾನು ಹಾಗೇ ಅರ್ಜಿ ಕೊಟ್ಟೆ. ಸಾಲು ವಾಪಸ್ ಬಂತು. ತೆಗೆದವರು ಯಾರೆಂದು ಮಾತ್ರ ತಿಳಿಯಲಿಲ್ಲ, ಅಲ್ಲಿಯೂ ಎಲ್ಲರದೂ ಒಂದೇ ಲಾಗಿನ್. ಅಪ್ಪ ಈಗ "ಪೆನಿಸಿಲಿನ್ ಬೇಡ" ಎಂದು ಚೀಟಿ ಬರೆದು ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಹೊರಗೆ ಹೊರಡುತ್ತಾರೆ.