ಅಕ್ಕೋರೇ, ಕೇಳಿಸ್ತಾ?

2020ರ ಜುಲೈ. ಸಂಜೆ ಆರೂವರೆಗೆ ನನ್ನ ಫೋನಿಗೊಂದು ವಾಯ್ಸ್ ಮೆಸೇಜು ಬಂತು. ಹದಿನಾಲ್ಕು ಸೆಕೆಂಡಿನದು. ಮೊದಲ ಐದು ಸೆಕೆಂಡು ತಗಡಿನ ಮೇಲೆ ಮಳೆ ಹೊಡೆಯುವ ಸದ್ದು, ಅಷ್ಟೇ. ಆಮೇಲೆ ಹುಡುಗಿಯ ದನಿ: "ಅಕ್ಕೋರೇ, ಕೇಳಿಸ್ತಾ? ಆವರಣ ಬಿಡಿಸಿದಾಗ ಮೈನಸ್ಸು ಹೇಗೆ ಪ್ಲಸ್ ಆಯ್ತು?"

ಅಕ್ಕೋರು ಅಂದರೆ ನಮ್ಮ ಕಡೆ ಟೀಚರು. ಹುಡುಗಿ ಅದನ್ನು ಬೆಳಿಗ್ಗೆ ಹತ್ತಕ್ಕೇ ಕಳಿಸಿದ್ದಳು. ಶಿರಸಿ ಕಡೆಯ ಮನೆಗಳು ನಿಮಗೆ ಗೊತ್ತಲ್ವಾ, ಅಡಿಕೆ ತೋಟದ ಪಕ್ಕ, ತಗ್ಗಿನಲ್ಲಿ. ಸುತ್ತ ಬೆಟ್ಟ. ಸಂಜೆ ಅಪ್ಪ ಡೇರಿಗೆ ಹಾಲು ಹಾಕಲು ಹೊರಟು ಏರು ಹತ್ತಿದಾಗ ಅವನ ಜೇಬಿನಲ್ಲಿದ್ದ ಫೋನಿಗೆ ಸಿಗ್ನಲ್ ಸಿಕ್ಕಿತು, ಪ್ರಶ್ನೆ ನನಗೆ ತಲುಪಿತು.

ದೂರದಿಂದ ಪಾಠ ಹೇಳುವುದು ಹೊಸದೇನಲ್ಲ. ಮಗು ತಿರುಗಿ ಕೇಳುವುದು ಮಾತ್ರ ಹೊಸದು.

ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1950ರಲ್ಲಿ, ಧಾರವಾಡ ಆಕಾಶವಾಣಿ ಶುರುವಾಯಿತು. ಕಾರವಾರಕ್ಕೆ ಸ್ವಂತ ಕೇಂದ್ರ ಬಂದಿದ್ದು ಎಷ್ಟೋ ವರ್ಷಗಳ ನಂತರ. ಶಾಲೆಯ ರೇಡಿಯೊ ಪಾಠಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು 'ಕೇಳಿ ಕಲಿ'. ಅದರಲ್ಲೊಂದು ಜಾಣತನ ಇತ್ತು. ರೇಡಿಯೊ ಅಕ್ಕ "ಮಕ್ಕಳೇ, ಇದೇನು ಹೇಳಿ ನೋಡೋಣ" ಎಂದು ಕೇಳಿ, ನಾಲ್ಕು ಸೆಕೆಂಡು ಸುಮ್ಮನಾಗುತ್ತಿದ್ದಳು. ಇಡೀ ತರಗತಿ ಕಿರುಚುತ್ತಿತ್ತು. "ಶಾಬಾಷ್!" ಎನ್ನುತ್ತಿದ್ದಳು. ಉತ್ತರ ತಪ್ಪಿದ್ದರೂ ಶಾಬಾಷೇ! ಹೀಗೆ ಮಧ್ಯೆ ಬಿಡುವು ಕೊಟ್ಟು ಕಲಿಸುವ ಪದ್ಧತಿ ಹೆಸರು ಮಾಡಿದ್ದು 1974ರಲ್ಲಿ ಶುರುವಾದ ನಿಕರಾಗುವಾ ದೇಶದ ರೇಡಿಯೊ ಗಣಿತ ಯೋಜನೆಯಿಂದ. ಮಾಸ್ತರು ಕಡಿಮೆ ಇದ್ದ ಊರಿಗೆ ಒಳ್ಳೆಯ ಉಪಾಯವೇ. ಆದರೆ ಆ ನಾಲ್ಕು ಸೆಕೆಂಡಿನಲ್ಲಿ ಮಕ್ಕಳು ಹೇಳಿದ್ದು ಸ್ಟುಡಿಯೊಗೆ ಕೇಳುತ್ತಿರಲಿಲ್ಲ.

ಟಿವಿಯದೂ ಅದೇ ಕತೆ. 1975ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷ ಎರವಲು ಪಡೆದು ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ಪಾಠ ತೋರಿಸಿದರು. ಕರ್ನಾಟಕದಲ್ಲಿ ಅದು ಸಿಕ್ಕಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆಗೆ. ನಮಗೆ ಇಲ್ಲ. 1984ರಿಂದ ದೂರದರ್ಶನದಲ್ಲಿ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಕಾಲೇಜು ಪಾಠಗಳು ಬಂದವು, ಇಂಗ್ಲಿಷಿನಲ್ಲಿ. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಶಾಲೆಗಳಿಗೆ ಕಂಪ್ಯೂಟರೂ ಬಂದವು. ನಾನು ಕಂಡ ಒಂದು ಕಂಪ್ಯೂಟರ್ ಕೋಣೆಯಲ್ಲಿ ಮಾನಿಟರಿಗೆ ಹೊದೆಸಿದ ಬಟ್ಟೆ ಮಾತ್ರ ವಾರಕ್ಕೊಮ್ಮೆ ಒಗೆದು ಶುಭ್ರವಾಗಿರುತ್ತಿತ್ತು. ಮಳೆಗಾಲದಲ್ಲಿ ಕರೆಂಟೇ ಇಲ್ಲದಿದ್ದರೆ ಇನ್ನೇನು ಮಾಡುತ್ತಾರೆ?

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜೂನಿನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠವೇ ಬೇಡ ಅಂದಿತು. ಜುಲೈ 8ಕ್ಕೆ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಚಂದನ ವಾಹಿನಿಯಲ್ಲಿ ಪಾಠ ಶುರು. ಆಗಸ್ಟಿನಲ್ಲಿ 'ವಿದ್ಯಾಗಮ', ಅಂದರೆ ಮಾಸ್ತರರೇ ಊರೂರಿಗೆ ಹೋಗಿ ಗುಡಿಯ ಪೌಳಿಯಲ್ಲೋ ಮರದ ಕೆಳಗೋ ಪಾಠ ಮಾಡುವುದು. ಅಕ್ಟೋಬರಿನಲ್ಲಿ ಅದೂ ನಿಂತಿತು.

ಉಳಿದಿದ್ದು ಫೋನು. ಆದರೆ ಫೋನಿನ ಅಲೆಗೆ ಬೆಟ್ಟ ದಾಟಲು ಬರುವುದಿಲ್ಲ. ಕಡಿಮೆ ಕಂಪನದ ಅಲೆ ಸ್ವಲ್ಪ ದೂರ ಹೋಗುತ್ತದೆ, ಹೆಚ್ಚಿನದು ಬೇಗ ಸೋಲುತ್ತದೆ. ಒದ್ದೆ ಎಲೆಗಳ ದಟ್ಟ ಕಾಡು ಇನ್ನಷ್ಟು ಹೀರಿಕೊಳ್ಳುತ್ತದೆ. ಅದಕ್ಕೇ ಕರೆ ಸಿಗುವ ಜಾಗದಲ್ಲೂ ವಿಡಿಯೊ ಓಡುವುದಿಲ್ಲ. ಇನ್ನು ಲೈನಿನ ಮೇಲೆ ಮರ ಬಿದ್ದರೆ ಟವರು ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ. ಜೋಯಿಡಾ, ಯಲ್ಲಾಪುರದ ಒಳಗಿನ ಹಳ್ಳಿಗಳನ್ನಂತೂ ಕೇಳಲೇಬೇಡಿ. ಮಕ್ಕಳು ಸೊಪ್ಪಿನ ಬೆಟ್ಟ ಹತ್ತಿ, ನಾಲ್ಕು ಗೂಟಕ್ಕೆ ಟಾರ್ಪಾಲು ಕಟ್ಟಿ ಕೂತರು. ಪೇಪರಿನವರಿಗೆ ಒಳ್ಳೆಯ ಫೋಟೊ ಸಿಕ್ಕಿತು. ಕಾಲಿಗೆ ಹತ್ತಿದ ಇಂಬಳ, ಅಂದರೆ ಜಿಗಣೆ, ಕಿತ್ತಿದ್ದು ಮಕ್ಕಳು.

ಲೈವ್ ಕ್ಲಾಸನ್ನು ನಾವು ಎರಡೇ ವಾರಕ್ಕೆ ಕೈಬಿಟ್ಟೆವು. ನಲವತ್ತು ಮಕ್ಕಳಲ್ಲಿ ಒಂಬತ್ತು ಮುಖ ಕಂಡರೆ ಹೆಚ್ಚು. ಕೈಹಿಡಿದದ್ದು ವಾಟ್ಸಾಪ್. ಅದು ಕಾಯುತ್ತದೆ, ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ಹಳೆಯ ಅಂಚೆಯ ಹಾಗೆ. ಮಕ್ಕಳು ನೋಟ್‌ಬುಕ್ಕಿನ ಹಾಳೆಯ ಫೋಟೊ ಕಳಿಸುತ್ತಿದ್ದರು, ಜಗಲಿಯಲ್ಲಿ ಟಾರ್ಚು ಹಿಡಿದು ತೆಗೆದದ್ದು. ಅಂಚಿನಲ್ಲಿ ತಮ್ಮನ ಹೆಬ್ಬೆರಳು. ನಾನು ಆ ಫೋಟೊ ಮೇಲೇ ಬೆರಳಿನಿಂದ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಿದ್ದೆ. ಅಂಕೋಲಾ ಕಡೆಯ ಗೆಳತಿಯ ಶಾಲೆಯಲ್ಲಿ ಫೋನು ಅಪ್ಪನ ಜೊತೆ ಬೋಟಿಗೆ ಹೋಗುತ್ತಿತ್ತಂತೆ. ಮೀನು ದಡಕ್ಕೆ ಬಂದ ಮೇಲೆ ಮನೆಪಾಠ.

ಒಂದು ತಪ್ಪು ನಮ್ಮದೇ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಸೌಲಭ್ಯ 2018ರಲ್ಲೇ ಬಂದಿತ್ತು. ಪಾಲಕರ ಶುಭೋದಯದ ಗುಲಾಬಿ ಹೂಗಳು ಜಾಸ್ತಿಯಾಗಿ ಪಾಠವೇ ಮೇಲೆ ಹೋಗಿಬಿಡುತ್ತಿತ್ತು. ಸಿಟ್ಟಿಗೆ ಅದನ್ನು ಒತ್ತಿಬಿಟ್ಟೆ. ಗ್ರೂಪು ಗಪ್‌ಚುಪ್. ವಾರ ಕಳೆದ ಮೇಲೆ ಗೊತ್ತಾಯಿತು, ನಾನು ಇನ್ನೊಂದು ರೇಡಿಯೊ ಮಾಡಿಟ್ಟಿದ್ದೆ. ಈ ರೇಡಿಯೊದಲ್ಲಿ ನಾಲ್ಕು ಸೆಕೆಂಡಿನ ಬಿಡುವೂ ಇರಲಿಲ್ಲ.

ಈಗ ಶಾಲೆ ಎಂದಿನಂತೆ ನಡೆಯುತ್ತಿದೆ. ಆದರೂ ಗ್ರೂಪು ಇದೆ. ಸಂಜೆ ಏಳರಿಂದ ಎಂಟರವರೆಗೆ ಎಲ್ಲರಿಗೂ ತೆರೆದಿಡುತ್ತೇನೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಇದ್ದಾನೆ, ಕೊನೆಯ ಬೆಂಚು. ಏಳು ಹೊಡೆದ ಕೂಡಲೇ ಅವನ ವಾಯ್ಸ್ ಮೆಸೇಜು ಬರುತ್ತದೆ, ಪಿಸುದನಿಯಲ್ಲಿ, ಅಂದಿನ ಪಾಠದ್ದೇ ಪ್ರಶ್ನೆ. ಅದರ ಹಿಂದೆಯೇ ಯಾರದೋ ಅಪ್ಪನ ಗುಲಾಬಿ ಹೂವು, ಸಂಜೆ ಏಳಕ್ಕೆ, ಶುಭೋದಯ.