ದಪ್ಪ ಪಿನ್ನಾ, ಸಣ್ಣ ಪಿನ್ನಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಚಾರ್ಜರ್ ಬೇಕು ಅಂದರೆ, ಹದಿನೈದು ಇಪ್ಪತ್ತು ವರ್ಷದ ಹಿಂದೆ ಮೊದಲು ಬರುತ್ತಿದ್ದ ಪ್ರಶ್ನೆ ಇದು: "ದಪ್ಪ ಪಿನ್ನಾ, ಸಣ್ಣ ಪಿನ್ನಾ?" ತುಳುವಿನಲ್ಲಿ ಕೇಳಲಿ, ಮಲಯಾಳದಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಪಿನ್ ಮಾತ್ರ ಪಿನ್ನೇ. ಉತ್ತರ ಗೊತ್ತಿಲ್ಲದೆ ಮನೆಗೆ ವಾಪಸ್ ಬಂದು, ಫೋನನ್ನೇ ಜೇಬಿಗೆ ಹಾಕಿಕೊಂಡು ಮತ್ತೆ ಬಸ್ ಹತ್ತಿದವರು ನಮ್ಮ ಕಡೆ ಎಷ್ಟೋ ಜನ. ನಾನೂ ಹಾಗೆ ಹೋಗಿದ್ದೇನೆ.

ದಪ್ಪ ಪಿನ್ ಅಂದರೆ ನೋಕಿಯಾದ ಹಳೆಯ ಚಾರ್ಜರ್. ತುದಿಯ ಅಡ್ಡಳತೆ 3.5 ಮಿಲಿಮೀಟರ್. 2003ರಲ್ಲಿ ಬಂದ, ತಲೆಯಲ್ಲಿ ಟಾರ್ಚ್ ಇದ್ದ 1100 ಫೋನಿಗೆ ಅದೇ. ಆಮೇಲೆ ಅದೇ ಕಂಪೆನಿ 2 ಮಿಲಿಮೀಟರಿನ ತೆಳು ಪಿನ್ ತಂದಿತು. ಅಲ್ಲಿಗೆ ಹಳೇ ನೋಕಿಯಾದ ಚಾರ್ಜರ್ ಹೊಸ ನೋಕಿಯಾಕ್ಕೇ ಆಗದ ಹಾಗಾಯಿತು. ಸೋನಿ ಎರಿಕ್ಸನ್ನಿಗೆ ಅದರದೇ ಅಗಲ ಬಾಯಿ, ಸ್ಯಾಮ್‌ಸಂಗಿಗೆ ಇನ್ನೊಂದು ಚಪ್ಪಟೆ ಬಾಯಿ, ಮೋಟೊರೋಲಾದ ರೇಝರ್‌ಗೆ ಮಿನಿ ಯುಎಸ್‌ಬಿ. ನಾಲ್ಕು ಫೋನ್ ಇದ್ದ ಮನೆಯಲ್ಲಿ ನಾಲ್ಕು ಚಾರ್ಜರ್. ಒಂದು ಹಾಳಾದರೆ ಉಳಿದ ಮೂರೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೂ ಒಂದು ತೊಡಕು ಸೇರುತ್ತಿತ್ತು. ಕಾಸರಗೋಡಿನಲ್ಲಿ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ಊರಿಗೆ ಬರುವವರು ತಂದುಕೊಡುತ್ತಿದ್ದ ಫೋನಿನ ಜೊತೆ ಮೂರು ಚಪ್ಪಟೆ ಕಾಲಿನ ಚಾರ್ಜರ್ ಬರುತ್ತಿತ್ತು. ದುಬೈಯ ಗೋಡೆಗೆ ಬ್ರಿಟಿಷರ ಮಾದರಿಯ ಚೌಕ ಕಾಲಿನ ಪ್ಲಗ್, ನಮ್ಮ ಗೋಡೆಗೆ ಉರುಟು ಕಾಲಿನದು. ಹಾಗಾಗಿ ಫೋನ್ ಬಂದ ದಿನವೇ ಪೇಟೆಗೆ ಓಡಿ ಮಧ್ಯೆ ಸಿಕ್ಕಿಸುವ ಬಿಳಿ ಅಡಾಪ್ಟರ್ ತರಬೇಕಿತ್ತು. ಅದು ಸಡಿಲ. ಅಲ್ಲಾಡಿದರೆ ಚಟಪಟ ಅಂತ ಕಿಡಿ ಬರುತ್ತಿತ್ತು.

ಎಲ್ಲ ಫೋನಿಗೂ ಆಗುವ ಚಾರ್ಜರನ್ನು ನಮ್ಮವರಿಗೆ ಮೊದಲು ತೋರಿಸಿದ್ದು ದೊಡ್ಡ ಕಂಪೆನಿಗಳಲ್ಲ, ಸಂತೆಯ ಬೀದಿ. ಬ್ಯಾಟರಿ ಬಿಚ್ಚಿ ಸಿಕ್ಕಿಸುವ ಆ ಪ್ಲಾಸ್ಟಿಕ್ ಕ್ಲಿಪ್ಪಿನ ಚಾರ್ಜರ್ ನೆನಪಿದೆ ಅಲ್ವಾ? ಏಡಿಯ ಹಾಗೆ ಬಾಯಿ ತೆರೆಯುತ್ತಿತ್ತು. ಒಳಗೆ ಎರಡು ತಂತಿ ಕಾಲು. ಅವನ್ನು ಉಗುರಿನಿಂದ ಆಚೆ ಈಚೆ ಸರಿಸಿ ಬ್ಯಾಟರಿಯ ಪ್ಲಸ್, ಮೈನಸ್ ಜಾಗಕ್ಕೆ ಸರಿಯಾಗಿ ಕೂರಿಸಬೇಕು. ಕೂತರೆ ಲೈಟ್ ಮಿಣುಕುತ್ತದೆ. ಒಂದು ಕೂದಲಷ್ಟು ಸರಿದರೂ ಇಲ್ಲ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಬ್ಯಾಟರಿ ಉಬ್ಬಿದ್ದೂ ಉಂಟು. ಅಪಾಯದ ಸಾಮಾನು ಅದು. ಆದರೂ ಜನ ಕೊಂಡರು. ಯಾಕೆಂದರೆ ಅವರಿಗೆ ಬೇಕಿದ್ದದ್ದನ್ನು ಬೇರೆ ಯಾರೂ ಕೊಡಲಿಲ್ಲ.

ಪ್ರತಿ ಕಂಪೆನಿಗೂ ಬೇರೆ ಬಾಯಿ ಯಾಕೆ ಬೇಕಿತ್ತು? ಒಂದು ಕಾರಣ ಹಣ. ಚಾರ್ಜರ್, ಕೇಬಲ್, ಇಯರ್‌ಫೋನ್ ಎಲ್ಲ ತಮ್ಮದನ್ನೇ ಕೊಳ್ಳಲಿ ಎಂಬ ಲೆಕ್ಕಾಚಾರ. ಇನ್ನೊಂದು ಕಾರಣವನ್ನೂ ಹೇಳಬೇಕು. ಆಗ ಎಲ್ಲರೂ ಒಪ್ಪುವಂಥ ಬಾಯಿ ಇರಲೇ ಇಲ್ಲ. ಯುಎಸ್‌ಬಿ 1996ರಲ್ಲಿ ಬಂದದ್ದು ಕಂಪ್ಯೂಟರಿಗೆ ಮೌಸ್, ಕೀಬೋರ್ಡ್, ಪ್ರಿಂಟರ್ ಜೋಡಿಸಲು. ಅದನ್ನು ರೂಪಿಸಿದ ಇಂಟೆಲ್ ತಂಡದ ಮುಂದಾಳು ನಮ್ಮ ದೇಶದಲ್ಲೇ ಹುಟ್ಟಿದ ಅಜಯ್ ಭಟ್. ಹೆಚ್ಚೆಂದರೆ 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್ ಕೊಡುವ ವ್ಯವಸ್ಥೆ ಅದು. ಮೌಸಿಗೆ ಅಷ್ಟು ಸಾಕು, ಫೋನ್ ಚಾರ್ಜ್ ಮಾಡಲೆಂದು ಹುಟ್ಟಿದ್ದಲ್ಲ ಅದು. ಹೇಗೆ ಹಿಡಿದರೂ ಹೋಗುವ ಬಾಯಿಯನ್ನು ಆಗಲೇ ಯಾಕೆ ಮಾಡಲಿಲ್ಲ ಎಂದು ಭಟ್ಟರನ್ನು ಮುಂದೆ ಕೇಳಿದವರಿದ್ದಾರೆ. ಹಾಗೆ ಮಾಡಲು ತಂತಿಗಳೂ ಸರ್ಕ್ಯೂಟೂ ಎರಡು ಪಟ್ಟು ಬೇಕಾಗುತ್ತಿತ್ತು, ಬೆಲೆ ಏರುತ್ತಿತ್ತು ಎಂಬುದು ಅವರ ಉತ್ತರ.

2007ರಲ್ಲಿ ಯುಎಸ್‌ಬಿಯದೇ ಪುಟ್ಟ ಬಾಯಿ, ಮೈಕ್ರೋ ಯುಎಸ್‌ಬಿ ಬಂತು. ಆ ಹೊತ್ತಿಗೆ ಚೀನಾ ಒಂದು ಒಳ್ಳೆಯ ಕೆಲಸ ಮಾಡಿತ್ತು. ಗೋಡೆಗೆ ಹಾಕುವ ಚಾರ್ಜರಿನ ಕಡೆ ಯುಎಸ್‌ಬಿ ಬಾಯಿಯೇ ಇರಬೇಕು ಎಂದು ತನ್ನ ದೇಶದ ಫೋನುಗಳಿಗೆ ನಿಯಮ ತಂದಿತು. ಕೇಬಲ್ ಬೇರೆ, ಚಾರ್ಜರ್ ಬೇರೆ ಆಗುವ ದಾರಿ ಅಲ್ಲಿಂದ ತೆರೆಯಿತು. 2009ರಲ್ಲಿ ಯುರೋಪ್ ಒಕ್ಕೂಟ ಫೋನ್ ಕಂಪೆನಿಗಳನ್ನು ಕೂರಿಸಿ ಮಾತಾಡಿತು. ಅಲ್ಲಿನ ಮಾರುಕಟ್ಟೆಯಲ್ಲಿ ಆಗ 30 ಬಗೆಯ ಚಾರ್ಜರ್ ಇತ್ತು. ಮೈಕ್ರೋ ಯುಎಸ್‌ಬಿಯನ್ನೇ ಎಲ್ಲರೂ ಬಳಸೋಣ ಎಂದು ನೋಕಿಯಾ, ಸ್ಯಾಮ್‌ಸಂಗ್, ಆಪಲ್ ಸೇರಿ ಹತ್ತು ಕಂಪೆನಿಗಳು ಜೂನ್‌ನಲ್ಲಿ ಸಹಿ ಹಾಕಿದವು. ಆಮೇಲೆ ಅದು 14 ಆಯಿತು.

ಆದರೆ ಅದು ಕಾನೂನಲ್ಲ, ಬರೀ ಒಪ್ಪಂದ. ಫೋನಿನಲ್ಲಿ ಬೇರೆ ಬಾಯಿ ಇದ್ದರೂ ಪರವಾಗಿಲ್ಲ, ಅಡಾಪ್ಟರ್ ಕೊಟ್ಟರೆ ಸಾಕು ಎಂಬ ಮಾತು ಅದರಲ್ಲಿತ್ತು. ಆಪಲ್ ಆ ಕಿಂಡಿಯಲ್ಲೇ ನುಸುಳಿತು. 2003ರ ಐಪಾಡಿನಿಂದ ಬಂದಿದ್ದ 30 ಪಿನ್ನಿನ ಅಗಲ ಬಾಯಿಯನ್ನು ಹಾಗೇ ಉಳಿಸಿಕೊಂಡಿತು. 2012ರಲ್ಲಿ ಐಫೋನ್ 5 ಜೊತೆ ಅದನ್ನು ಬಿಟ್ಟಾಗ ಮೈಕ್ರೋ ಯುಎಸ್‌ಬಿಗೆ ಬರಲಿಲ್ಲ, ಲೈಟ್ನಿಂಗ್ ಎಂಬ ತನ್ನದೇ ಹೊಸ ಬಾಯಿ ಮಾಡಿಕೊಂಡಿತು. ಈ ಕಥೆಯಲ್ಲಿ ನನಗೆ ಜಾಸ್ತಿ ಬೇಸರವಾಗುವುದು ಇದೇ ಜಾಗದಲ್ಲಿ. ಆ ಒಂದು ಸಾಲು ಇಲ್ಲದಿದ್ದರೆ ಹತ್ತಕ್ಕೂ ಹೆಚ್ಚು ವರ್ಷ ನಮಗೆ ಉಳಿತಾಯವಾಗುತ್ತಿತ್ತು.

ಲೈಟ್ನಿಂಗ್ ಕೆಟ್ಟದಾಗಿತ್ತು ಅಂತ ಅಲ್ಲ. ಹೇಗೆ ಹಿಡಿದರೂ ಹೋಗುತ್ತದೆ, ಗಟ್ಟಿ, ಪುಟ್ಟದು. ಅದೇ ಕಾಲದ ಮೈಕ್ರೋ ಯುಎಸ್‌ಬಿಯನ್ನು ಅದರ ಪಕ್ಕ ಇಟ್ಟರೆ ನಾಚಿಕೆಯಾಗುತ್ತಿತ್ತು. ಮೈಕ್ರೋದ ಬಾಯಿ ಒಂದು ಬದಿ ಅಗಲ, ಒಂದು ಬದಿ ಕಿರಿದು. ಕಣ್ಣು ಮಂಜಾದವರಿಗೆ ರಾತ್ರಿ ಹೊತ್ತು ಅದನ್ನು ಸರಿಯಾಗಿ ಹಾಕುವುದು ದೊಡ್ಡ ಕೆಲಸ. ನಮ್ಮ ಅಜ್ಜಿ ಹೆಬ್ಬೆರಳಿನಿಂದ ಬಾಯಿಯನ್ನು ಸವರಿ ನೋಡಿ, ತಿರುಗಿಸಿ, ಒತ್ತಿ, ಹೋಗದೆ ಮತ್ತೆ ತಿರುಗಿಸುತ್ತಿದ್ದರು. ಒತ್ತಿ ಒತ್ತಿ ಒಳಗಿನ ನಾಲಗೆ ಸಡಿಲವಾಯಿತು. ಸವೆಯುವುದಿದ್ದರೆ ಫೋನಿನ ಬದಲು ಕೇಬಲ್ ಸವೆಯಲಿ ಎಂದು ಮೈಕ್ರೋ ಮಾಡಿದವರು ಹಿಡಿಯುವ ಕೊಕ್ಕೆಗಳನ್ನು ಕೇಬಲಿನ ಕಡೆ ಇಟ್ಟಿದ್ದರು. ಹತ್ತು ಸಾವಿರ ಸಲ ಹಾಕಿ ತೆಗೆಯಬಹುದು ಎಂಬ ಅಳತೆಯೂ ಇತ್ತು. ಅಡ್ಡಕ್ಕೆ ಒತ್ತುವ ಕೈಯನ್ನು ಆ ಅಳತೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊನೆಗೆ ಅಜ್ಜಿ ಒಂದು ಉಪಾಯ ಕಂಡುಕೊಂಡರು. ವಯರನ್ನು ಸ್ವಲ್ಪ ಎಡಕ್ಕೆ ಬಗ್ಗಿಸಿ, ಅದರ ಮೇಲೆ ಪಂಚಾಂಗ ಇಡುವುದು. ಪಂಚಾಂಗ ತೆಗೆದರೆ ಚಾರ್ಜ್ ನಿಂತಿತು.

ಈ ಎರಡರ ಒಳ್ಳೆಯದನ್ನೂ ಸೇರಿಸಿದ ಹಾಗೆ 2014ರ ಆಗಸ್ಟ್‌ನಲ್ಲಿ ಯುಎಸ್‌ಬಿ ಟೈಪ್ ಸಿ ಬಂತು. ನಮ್ಮ ಅಂಗಡಿಗಳ ಮಾತಿನಲ್ಲಿ ಸಿ ಟೈಪ್. ಒಳಗೆ 24 ಪಿನ್, ಮೇಲೊಂದು ಸಾಲು, ಕೆಳಗೊಂದು ಸಾಲು. ತಿರುಗಿಸಿ ಹಾಕಿದರೂ ಅದೇ ಜೋಡಣೆ. ಸಾಮಾನ್ಯ ಫೋನುಗಳಿಗೆ ಬರಲು ಕೆಲವು ವರ್ಷ ಹಿಡಿಯಿತು. ಅಂಗಡಿಯ ಪ್ರಶ್ನೆಯೂ ಬದಲಾಯಿತು: "ಸಿ ಟೈಪಾ, ಹಳೇದಾ, ಐಫೋನಾ?" ಮೂವತ್ತು ಬಗೆಯಿಂದ ಮೂರಕ್ಕೆ ಇಳಿದಿತ್ತು. ಕೊನೆಯ ಹೆಜ್ಜೆ ಮಾತ್ರ ಯಾರಿಂದಲೂ ಆಗಲಿಲ್ಲ.

ಕಂಪೆನಿಗಳು ತಾವಾಗಿಯೇ ಸರಿಹೋಗುತ್ತವೆ ಎಂಬ ನಂಬಿಕೆ ಯುರೋಪಿಗೂ ಅಷ್ಟರಲ್ಲಿ ಹೋಗಿತ್ತು. 2018ರಲ್ಲಿ ಕಂಪೆನಿಗಳು ಇನ್ನೊಂದು ಸ್ವಇಚ್ಛೆಯ ಒಪ್ಪಂದ ಮುಂದಿಟ್ಟಾಗ ಇದು ಸಾಲದು ಎಂದಿತು. 2020ರ ಜನವರಿಯಲ್ಲಿ ಅಲ್ಲಿನ ಸಂಸತ್ತು ಕಾನೂನೇ ಬೇಕು ಎಂದು ಕೇಳಿತು. ಕಡ್ಡಾಯ ಮಾಡಿದರೆ ಹೊಸತನ್ನು ಹುಡುಕುವ ಉಮೇದು ಸಾಯುತ್ತದೆ, ಜನರ ಕೈಯಲ್ಲಿರುವ ಕೋಟಿಗಟ್ಟಲೆ ಕೇಬಲ್ ಕಸವಾಗುತ್ತದೆ ಎಂದು ಆಪಲ್ ವಾದಿಸಿತು. ಎರಡನೆಯ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಆದರೆ ಬದಲಾವಣೆಯನ್ನು ಮುಂದೂಡಿದಷ್ಟೂ ಆ ಕಸದ ರಾಶಿ ಬೆಳೆಯುತ್ತಲೇ ಇತ್ತು. ಎಸೆದ ಮತ್ತು ಬಳಸದ ಚಾರ್ಜರುಗಳಿಂದಲೇ ಯುರೋಪಿನಲ್ಲಿ ವರ್ಷಕ್ಕೆ 11,000 ಟನ್ ಇ-ತ್ಯಾಜ್ಯ ಆಗುತ್ತದೆ ಎಂಬುದು ಒಕ್ಕೂಟದ ಅಂದಾಜು.

2022ರ ಅಕ್ಟೋಬರ್ 4ರಂದು ಆ ಸಂಸತ್ತಿನಲ್ಲಿ ಕಾನೂನನ್ನು ಮತಕ್ಕೆ ಹಾಕಿದಾಗ ಪರವಾಗಿ 602, ವಿರುದ್ಧ 13. ಎಂಟು ಮಂದಿ ತಟಸ್ಥ. ಫೋನ್, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್ ಎಲ್ಲದಕ್ಕೂ 2024ರ ಡಿಸೆಂಬರ್ 28ರಿಂದ ಸಿ ಟೈಪ್ ಕಡ್ಡಾಯ, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28ರಿಂದ. ಗಡುವಿಗೆ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ ಐಫೋನ್ 15 ಸಿ ಟೈಪ್ ಬಾಯಿಯೊಂದಿಗೆ ಬಂತು. ನಮ್ಮ ಕಡೆಯವರಿಗೆ ಹತ್ತಿರದ ಸುದ್ದಿ ಇನ್ನೊಂದಿದೆ. ಸೌದಿ ಅರೇಬಿಯಾ ಕೂಡ 2025ರ ಜನವರಿ 1ರಿಂದ ಫೋನುಗಳಿಗೆ ಇದನ್ನೇ ಕಡ್ಡಾಯ ಮಾಡಿತು. ಜಿದ್ದಾದಿಂದ ಬರುವ ಫೋನಿಗೂ ಕುಂಬಳೆಯಲ್ಲಿ ಕೊಳ್ಳುವ ಫೋನಿಗೂ ಈಗ ಕೇಬಲ್ ಒಂದೇ. ಗೋಡೆಯ ಕಡೆಯ ಕಾಲು ಇನ್ನೂ ಬೇರೆಯೇ. ಆದರೆ ಆ ಚಾರ್ಜರನ್ನು ಅಲ್ಲೇ ಬಿಟ್ಟು ಬರಬಹುದು.

ನಮ್ಮ ದೇಶದಲ್ಲೂ ಚರ್ಚೆ ನಡೆದಿದೆ. 2022ರ ನವೆಂಬರ್ 16ರಂದು ದಿಲ್ಲಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಕರೆದ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪಿಗೆ ಸಿ ಟೈಪ್ ಎಂಬುದಕ್ಕೆ ಉದ್ಯಮದವರು ಒಪ್ಪಿದರು. ಬೆನ್ನಿಗೇ ಭಾರತೀಯ ಮಾನಕ ಬ್ಯೂರೋ ಅದಕ್ಕೊಂದು ಮಾನದಂಡವನ್ನೂ ಪ್ರಕಟಿಸಿತು. ಮಾನದಂಡ ಪ್ರಕಟಿಸುವುದು ಬೇರೆ, ಕಡ್ಡಾಯ ಮಾಡುವುದು ಬೇರೆ. ನಮ್ಮ ಅಂಗಡಿಗಳಲ್ಲಿ ಇವತ್ತು ಸಿ ಟೈಪ್ ತುಂಬಿದ್ದರೆ ಅದಕ್ಕೆ ದೊಡ್ಡ ಕಾರಣ, ಕಂಪೆನಿಗಳು ಯುರೋಪಿಗೊಂದು, ನಮಗೊಂದು ಅಂತ ಬೇರೆ ಬೇರೆ ಫೋನ್ ಮಾಡುವುದಿಲ್ಲ ಎಂಬುದು.

ಈಗ ಅಂಗಡಿಯಲ್ಲಿ ಕೇಳುವುದು ಬೇರೆಯೇ: "ಎಷ್ಟು ವಾಟ್?" ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲೇ ಜನ ಈಗ ಹಣ ಕಳೆದುಕೊಳ್ಳುತ್ತಿರುವುದು.

ಬಾಯಿ ಒಂದೇ ಆದರೂ ಒಳಗಿನ ಮಾತುಕತೆ ಒಂದೇ ಅಲ್ಲ. ಸಿ ಟೈಪ್ ಕೇಬಲ್ ಹಾಕಿದ ಕೂಡಲೇ ಚಾರ್ಜರ್ ಮೊದಲು ಕೊಡುವುದು ಬರೀ 5 ವೋಲ್ಟ್. ಆಮೇಲೆ ಫೋನ್ ಮತ್ತು ಚಾರ್ಜರ್ ಒಂದು ಸಣ್ಣ ತಂತಿಯ ಮೂಲಕ ಮಾತಾಡಿಕೊಳ್ಳುತ್ತವೆ. ನೀನೆಷ್ಟು ಕೊಡಬಲ್ಲೆ, ನನಗೆಷ್ಟು ಬೇಕು ಎಂದು. ಎರಡೂ ಒಪ್ಪಿದರೆ ವೋಲ್ಟೇಜ್ 9ಕ್ಕೆ, 15ಕ್ಕೆ, 20ಕ್ಕೆ ಏರುತ್ತದೆ. ಹೀಗೆ ಮಾತಾಡುವ ಸಾಮಾನ್ಯ ಭಾಷೆಯ ಹೆಸರು ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ. 2021ರ ಪರಿಷ್ಕರಣೆಯ ನಂತರ ಅದು 240 ವಾಟ್‌ವರೆಗೂ ಹೋಗಬಲ್ಲದು. ಲ್ಯಾಪ್‌ಟಾಪಿಗೂ ಸಾಕು. ಆದರೆ ಹಲವು ಫೋನ್ ಕಂಪೆನಿಗಳು ವೇಗದ ಚಾರ್ಜಿಂಗಿಗೆ ತಮ್ಮದೇ ಭಾಷೆ ಇಟ್ಟುಕೊಂಡಿವೆ. ಒಪ್ಪೋದ ವೂಕ್ 2014ರಿಂದಲೇ ಇದೆ. ಅಂಥ ಫೋನಿಗೆ ಬೇರೆ ಚಾರ್ಜರ್ ಹಾಕಿದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ, ಎರಡಕ್ಕೂ ಗೊತ್ತಿರುವ ಕಡಿಮೆ ಮಟ್ಟಕ್ಕೆ ಇಳಿಯುತ್ತವೆ. ಚಾರ್ಜ್ ಆಗುತ್ತದೆ, ನಿಧಾನ ಅಷ್ಟೆ.

ಹೋದ ವರ್ಷ ನಾನು 65 ವಾಟ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಒಂದು ಚಾರ್ಜರ್ ತಂದೆ. 65 ವಾಟಿನ ಚಾರ್ಜರೇ ಬೇಕೆನ್ನುವ ಫೋನಿಗೆ ಹಾಕಿದರೂ ಎರಡು ಗಂಟೆ ತೆಗೆದುಕೊಂಡಿತು. ಚಾರ್ಜರ್ ಸುಳ್ಳು ಹೇಳಿರಲಿಲ್ಲ, ಫೋನೂ ಹೇಳಿರಲಿಲ್ಲ. ಎರಡರ ಭಾಷೆ ಬೇರೆ ಎಂಬುದನ್ನು ಮಾತ್ರ ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಕೊಳ್ಳುವಾಗ ಬರೀ ವಾಟ್ ನೋಡಬೇಡಿ. ಫೋನಿನ ವಿವರದಲ್ಲಿ ಪಿಡಿ ಇದೆಯಾ, ಇದ್ದರೆ ಎಷ್ಟು ವಾಟ್‌ವರೆಗೆ ಅಂತ ನೋಡಿ. ಕೇಬಲ್ಲೂ ಅಷ್ಟು ತಡೆಯುತ್ತದಾ ಅಂತ ಕೇಳಿ. ಯುರೋಪಿನ ಕಾನೂನು ಇದನ್ನೂ ಮುಟ್ಟಿದೆ. ವೇಗದ ಚಾರ್ಜಿಂಗ್ ಇರುವ ಫೋನಿಗೆ ಪಿಡಿಯೂ ಗೊತ್ತಿರಬೇಕು, ಎಷ್ಟು ವಾಟ್ ಬೇಕು ಎಂಬುದು ಪೆಟ್ಟಿಗೆಯ ಮೇಲೆ ಚಿತ್ರದ ಸಮೇತ ಇರಬೇಕು, ಚಾರ್ಜರ್ ಇಲ್ಲದೆ ಬರೀ ಫೋನ್ ಕೊಳ್ಳುವ ಅವಕಾಶವೂ ಇರಬೇಕು. ನಮ್ಮಲ್ಲೂ ಈ ಮೂರು ಕಡ್ಡಾಯವಾಗಬೇಕು. ಬಾಯಿಯ ವಿಷಯದಲ್ಲಿ ಕಳೆದುಕೊಂಡ ವರ್ಷಗಳನ್ನು ಭಾಷೆಯ ವಿಷಯದಲ್ಲೂ ಕಳೆಯುವುದು ಬೇಡ.

ಇನ್ನು, ಈ ಇಡೀ ಬದಲಾವಣೆಯಿಂದ ಹೊರಗೇ ಉಳಿದ ಒಂದು ಫೋನಿದೆ. ಗುಂಡಿ ಒತ್ತುವ ಫೋನ್. ದಿಲ್ಲಿಯ ಆ ಸಭೆಯಲ್ಲೂ, ಬೆಲೆಯ ಕಾರಣಕ್ಕೆ, ಅದಕ್ಕೆ ಬೇರೆ ಚಾರ್ಜರ್ ಇರಲಿ ಎಂಬ ಮಾತು ಬಂದಿತ್ತು. ಅಡಿಕೆ ತೋಟಕ್ಕೆ ಹೋಗುವಾಗ ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಹೋಗುವುದು, ಬಿದ್ದರೂ ಒಡೆಯದ್ದು, ಮೂರು ದಿನ ಚಾರ್ಜ್ ನಿಲ್ಲುವಂಥದ್ದು ಅಪ್ಪನಂಥವರಿಗೆ ಅದೇ. ಅಪ್ಪನ ಫೋನಿಗೆ ಈಗಲೂ ಮೈಕ್ರೋ ಬಾಯಿ.

ನವರಾತ್ರಿ ಕಳೆದ ಮೇಲೆ ಇಲ್ಲಿ ಸಂಜೆ ಹೊತ್ತು ಗುಡುಗು ಶುರು. ಮೋಡ ಕಂಡ ಕೂಡಲೇ ಟಿವಿ, ಫ್ರಿಜ್ ಎಲ್ಲದರ ಪ್ಲಗ್ ಕೀಳುವುದು ನಮ್ಮ ಮನೆಗಳ ಅಭ್ಯಾಸ. ಒಂದು ಸಂಜೆ ಅಪ್ಪನ ಚಾರ್ಜರ್ ಮರೆತುಹೋಯಿತು. ಸಿಡಿಲು ಬಡಿದು ಅದು ಸುಟ್ಟ ವಾಸನೆ ಬಂತು. ಕೇಬಲಿನ ತುದಿಯೂ ಕರಟಿಹೋಗಿತ್ತು. ಮರುದಿನ ಇಬ್ಬರೂ ಪೇಟೆಗೆ ಹೋದೆವು.

ಅಂಗಡಿಯ ಗೋಡೆ ತುಂಬ ಸಿ ಟೈಪ್. ಬಿಳಿ, ಕಪ್ಪು, ಬಟ್ಟೆ ಸುತ್ತಿದ್ದು, ಉದ್ದದ್ದು, ಗಿಡ್ಡದ್ದು. ಅಪ್ಪ ಜೇಬಿನಿಂದ ಫೋನ್ ತೆಗೆದು, ಸುತ್ತಿದ್ದ ಪ್ಲಾಸ್ಟಿಕ್ ಬಿಡಿಸಿ, ಕೆಳಗಿನ ಬಾಯಿ ಕಾಣುವ ಹಾಗೆ ಎತ್ತಿ ಹಿಡಿದರು.

"ಸಣ್ಣ ಪಿನ್ನಿದು" ಎಂದರು.

ಅಂಗಡಿಯ ಹುಡುಗ ಗೋಡೆಯನ್ನು ನೋಡಲೂ ಇಲ್ಲ. ಬಗ್ಗಿ, ಕೌಂಟರಿನ ಅಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು, ಒಂದಕ್ಕೊಂದು ಸಿಕ್ಕಿಕೊಂಡಿದ್ದ ಹಳೆಯ ವಯರುಗಳನ್ನು ಬಿಡಿಸತೊಡಗಿದ. ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಫೋನನ್ನು ಹಾಗೇ ಎತ್ತಿ ಹಿಡಿದುಕೊಂಡೇ ನಿಂತಿದ್ದರು.