ಇಸುಬು: ಶಕ್ತಿ ಕಮ್ಮಿಯಾಗಿಲ್ಲ, ಹದ ತಪ್ಪಿದೆ

ಅಕ್ಕನ ಮಗನಿಗೆ ಈಗ ಹನ್ನೊಂದು ವರ್ಷ. ಕೂಸಾಗಿದ್ದಾಗ ಶುರುವಾದ ಇಸುಬು ಇನ್ನೂ ಬಿಟ್ಟಿಲ್ಲ. ಮೊಣಕೈ ಮಡಿಕೆ, ಮಂಡಿಯ ಹಿಂದೆ, ಕುತ್ತಿಗೆ, ಎಲ್ಲ ಕಡೆ ಚರ್ಮ ದಪ್ಪಗಾಗಿ ಬಿರಿದಿದೆ. ರಾತ್ರಿ ಕೈಗೆ ಕಾಲುಚೀಲ ಹಾಕಿ ಮಲಗಿಸುತ್ತಾರೆ. ಆದರೂ ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕಿ ಇರುತ್ತದೆ. ಶಿರಸಿಯ ಆ ಮನೆಗೆ ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಾರೆ. ಒಬ್ಬರು ನಾಗದೋಷ ಅನ್ನುತ್ತಾರೆ, ಇನ್ನೊಬ್ಬರು ನಂಜು ಅನ್ನುತ್ತಾರೆ. ಓದಿದವರು ಇಮ್ಯುನಿಟಿ ಕಮ್ಮಿ ಅಂತ ಪುಡಿಯ ಡಬ್ಬಿ ಕೊಟ್ಟು ಹೋಗುತ್ತಾರೆ. ನನಗೆ ಜಾಸ್ತಿ ಬೇಸರ ಈ ಮೂರನೆಯ ಮಾತಿನ ಮೇಲೆ, ಯಾಕಂದ್ರೆ ಅದು ವಿಜ್ಞಾನದ ಹಾಗೇ ಕೇಳಿಸುತ್ತದೆ.

ಜೋರಾದ ಇಸುಬಿನಲ್ಲಿ ರಕ್ಷಣಾ ಕೋಶಗಳು ಸುಮ್ನೆ ಕೂತಿರುವುದಿಲ್ಲ. ಒಂದು ಗುಂಪು ವಿಪರೀತ ದುಡಿಯುತ್ತಿರುತ್ತದೆ, ಇನ್ನೊಂದು ಸೊರಗಿರುತ್ತದೆ.

ಅಡಿಕೆ ತೋಟ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ಹೊಡೆಸುತ್ತೇವಲ್ಲ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಅಪ್ಪ ಕತ್ತಿಯ ಅಲಗನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಅಲಗಿಗೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಕಾಯಬೇಕಾದ ಔಷಧಿಯೇ ಗಿಡವನ್ನು ಸುಡುತ್ತದೆ.

ಮೈಯೊಳಗಿನ ಮೈಲುತುತ್ತ ಅಂದರೆ ಟಿಎಚ್-2 ಎಂಬ ರಕ್ಷಣಾ ಕೋಶಗಳು. ಹೊಟ್ಟೆಯ ಜಂತುಹುಳದ ವಿರುದ್ಧ ಹೋರಾಡಲು ಅವು ಬೇಕೇ ಬೇಕು. ಇಸುಬಿನಲ್ಲಿ ಅವು ಅತಿಯಾಗಿ, ಇಂಟರ್‌ಲ್ಯೂಕಿನ್ 4, 13, 31 ಎಂಬ ಸಂದೇಶಗಳನ್ನು ಸುರಿಯುತ್ತಲೇ ಇರುತ್ತವೆ. 31 ನೇರ ನರಕ್ಕೆ ತಾಗಿ ತುರಿಕೆ ಎಬ್ಬಿಸುತ್ತದೆ. 4 ಮತ್ತು 13 ಸೇರಿ ಫಿಲಾಗ್ರಿನ್ ತಯಾರಾಗುವುದನ್ನೇ ತಗ್ಗಿಸುತ್ತವೆ. ಚರ್ಮದ ಮೇಲ್ಪದರವನ್ನು ಬಿಗಿಯಾಗಿಟ್ಟು, ತೇವ ಉಳಿಸುವ ಪ್ರೋಟೀನ್ ಅದು. ಅದು ಕಮ್ಮಿಯಾದರೆ ಕುಮಟೆಯ ಗಜನಿ ಗದ್ದೆಯ (ಕಡಲ ಹಿನ್ನೀರಿನ ಪಕ್ಕದ ಗದ್ದೆ) ಒಡ್ಡು ಬಿರಿದ ಹಾಗೆ. ಅಲ್ಲಿ ಉಪ್ಪುನೀರು ನುಗ್ಗುತ್ತದೆ, ಇಲ್ಲಿ ಧೂಳು, ಸೋಪು, ಸ್ಟಫಿಲೋಕಾಕಸ್ ಬ್ಯಾಕ್ಟೀರಿಯಾ. ನುಗ್ಗಿದ್ದನ್ನು ಕಂಡು ಟಿಎಚ್-2 ಇನ್ನಷ್ಟು ರೇಗುತ್ತದೆ, ಒಡ್ಡು ಇನ್ನಷ್ಟು ಬಿರಿಯುತ್ತದೆ. ಕೆಲವರಿಗೆ ಫಿಲಾಗ್ರಿನ್ ಜೀನಿನಲ್ಲೇ ಹುಟ್ಟಿನಿಂದ ದೋಷ ಇರುತ್ತದೆ ಅಂತ 2006ರಲ್ಲಿ ಗೊತ್ತಾಯಿತು. ದೋಷ ಅಂದರೆ ಇದು, ನಾಗನದ್ದಲ್ಲ.

ಇನ್ನು ಸುಣ್ಣ. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುವ ಎನ್‌ಕೆ ಕೋಶಗಳು ರಕ್ತದಲ್ಲಿವೆ. ಅವು ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಟಿಎಚ್-2ರ ಅಬ್ಬರ ತಗ್ಗಿಸುತ್ತದೆ. ಇಸುಬು ಇದ್ದವರ ರಕ್ತದಲ್ಲಿ ಈ ಎನ್‌ಕೆ ಕೋಶಗಳೇ ಕಮ್ಮಿ ಅಂತ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ತೋರಿಸಿತು. ಇಲಿಗಳಲ್ಲಿ ಎನ್‌ಕೆ ಹೆಚ್ಚಿಸಿ ನೋಡಿದಾಗ ಇಸುಬಿನಂಥ ಉರಿಯೂತ ಇಳಿಯಿತು. ಅಂದರೆ ಅಲಗಿಗೆ ತಾಮ್ರ ಕೂತಾಗ ಸುಣ್ಣ ಬೆರೆಸಿದ ಹಾಗೆ! ಮೈಲುತುತ್ತದ ಕಡೆಯಿಂದ ಹಿಡಿಯುವ ಔಷಧಿಯೂ ಇದೆ. ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ 4 ಮತ್ತು 13 ಎರಡೂ ಬಳಸುವ ಬಾಗಿಲನ್ನೇ ಮುಚ್ಚುತ್ತದೆ. ಅಮೆರಿಕದಲ್ಲಿ ಅದಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಯಾವುದು ಜಾಸ್ತಿ, ಯಾವುದು ಕಮ್ಮಿ ಅಂತ ನೋಡಿ ಮಾಡಿದ ಚಿಕಿತ್ಸೆ ಇದು. ಡಬ್ಬಿಯ ಪುಡಿಗೆ ಆ ಲೆಕ್ಕವೇ ಇಲ್ಲ, ಅಲ್ವಾ?

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ಕಡೆ. ಒಡ್ಡು ಬಿರಿದು, ವೈರಸ್ ತಡೆಯುವ ಕಾವಲೂ ಸಡಿಲವಾದ ಮೈಗೆ ತುಟಿಯ ಮೇಲೆ ಏಳುವ ಹರ್ಪಿಸ್ ಗುಳ್ಳೆಯ ವೈರಸ್ ತಾಗಿದರೆ ಬೇಗ ಹರಡುತ್ತದೆ. ಇಸುಬಿನ ಜಾಗದಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ, ನೋಯುತ್ತವೆ, ಜ್ವರ ಬರುತ್ತದೆ. ನಮ್ಮಲ್ಲಿ ಗುಳ್ಳೆಯ ಗುಂಪು ಕಂಡರೆ ಸರ್ಪಸುತ್ತು ಅಂತ ಕೆಮ್ಮಣ್ಣು ಬರೆಸಲು ಕರೆದುಕೊಂಡು ಹೋಗುವವರಿದ್ದಾರೆ. ಈ ಗುಳ್ಳೆ ಕಣ್ಣಿನ ಹತ್ತಿರ ಬಂದರೆ ದೃಷ್ಟಿಗೇ ಅಪಾಯ. ವೈರಸ್ ತಡೆಯುವ ಔಷಧಿ ಇದೆ, ಆದರೆ ತಡ ಮಾಡದೆ ಕೊಡಬೇಕು. ಇಸುಬಿನ ಮಗುವಿಗೆ ಹೀಗೆ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.